ಸೂಪರ್‌ನೋವಾ ಅವಶೇಷ ಪ್ರೋಟಾನನ್ನು ಎಷ್ಟು ಶಕ್ತಿಗೆ ಏರಿಸಬಲ್ಲದು? ಲೆಕ್ಕ ಹಾಕುವ ಬಗೆ

ಸ್ಫೋಟಿಸಿದ ನಕ್ಷತ್ರದಿಂದ ಹೊರಕ್ಕೆ ಹರಡುತ್ತಿರುವ ಅನಿಲವೇ ಸೂಪರ್‌ನೋವಾ ಅವಶೇಷ. ಅದರ ಅಂಚಿನ ಆಘಾತ ತರಂಗ ಪ್ರೋಟಾನ್‌ಗಳಿಗೆ ಶಕ್ತಿ ತುಂಬುತ್ತದೆ. ಬಾಹ್ಯಾಕಾಶದಿಂದ ಭೂಮಿಗೆ ಬಂದು ಬಡಿಯುವ ಕಾಸ್ಮಿಕ್ ಕಿರಣಗಳ (ಹೆಚ್ಚಾಗಿ ಪ್ರೋಟಾನ್‌ಗಳ) ಶಕ್ತಿಗೆ ಇದು ಸಾಲುತ್ತದೆಯೇ ಎಂದು ಈ ಲೆಕ್ಕ ನೋಡುತ್ತದೆ. ಇದಕ್ಕೆ ಸೈಂಟಿಫಿಕ್ ಕ್ಯಾಲ್ಕುಲೇಟರ್ ಒಂದಿದ್ದರೆ ಸಾಕು. ಅವಶೇಷದ ವಯಸ್ಸು, ದೂರ, ಅದರ ಅಂಚು ಆಕಾಶದಲ್ಲಿ ವರ್ಷಕ್ಕೆ ಎಷ್ಟು ಸರಿಯುತ್ತದೆ ಎಂಬ ಮೂರು ಅಳತೆಗಳು ಪ್ರಕಟಿತ ಲೇಖನಗಳಲ್ಲಿ ಸಿಗುತ್ತವೆ. ನಾಲ್ಕನೆಯದಾದ ಕಾಂತಕ್ಷೇತ್ರ ಹಾಗೆ ಸಿಗುವುದಿಲ್ಲ, ಎಕ್ಸ್-ರೇ ಚಿತ್ರದಿಂದ ತೆಗೆಯಬೇಕು. ಉತ್ತರವೆಲ್ಲ ಅದರ ಕೈಯಲ್ಲೇ ಇರುವುದರಿಂದ ಹೆಚ್ಚಿನ ಶ್ರಮವನ್ನು ಅಲ್ಲೇ ಹಾಕಿ.

ಉದಾಹರಣೆಗೆ 1006ರಲ್ಲಿ ಲೂಪಸ್ ನಕ್ಷತ್ರಪುಂಜದಲ್ಲಿ ಕಾಣಿಸಿಕೊಂಡ ಸೂಪರ್‌ನೋವಾ ತೆಗೆದುಕೊಳ್ಳಿ. ಕಂಡವರು ಬರೆದಿಟ್ಟಿದ್ದಾರಾದ್ದರಿಂದ ವಯಸ್ಸಿನಲ್ಲಿ ಅನುಮಾನವಿಲ್ಲ: ಸುಮಾರು 1000 ವರ್ಷ, ಅಂದರೆ 3.2 × 10¹⁰ ಸೆಕೆಂಡ್. ದೂರ ಸುಮಾರು 2200 ಪಾರ್ಸೆಕ್ (ಒಂದು ಪಾರ್ಸೆಕ್ ಸುಮಾರು 3.26 ಬೆಳಕಿನ ವರ್ಷ). ನಾಸಾದ ಚಂದ್ರಾ ಎಕ್ಸ್-ರೇ ದೂರದರ್ಶಕದ ಚಿತ್ರಗಳ ಪ್ರಕಾರ ಈಶಾನ್ಯ ಅಂಚು ವರ್ಷಕ್ಕೆ 0.48 ಆರ್ಕ್‌ಸೆಕೆಂಡ್ ಸರಿಯುತ್ತಿದೆ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3600ನೇ ಒಂದು ಭಾಗ).

ಮೊದಲು ವೇಗ. ವರ್ಷಕ್ಕೆ ಸರಿಯುವ ಪ್ರಮಾಣವನ್ನು ಪಾರ್ಸೆಕ್ ದೂರದಿಂದಲೂ, ಮಾನ ಬದಲಿಸುವ 4.74ರಿಂದಲೂ ಗುಣಿಸಿದರೆ ಸೆಕೆಂಡಿಗೆ ಕಿಲೋಮೀಟರ್ ಸಿಗುತ್ತದೆ: 4.74 × 0.48 × 2200, ಅಂದರೆ ಸುಮಾರು 5000. ಇದು ಬೆಳಕಿನ ವೇಗದ ಅರವತ್ತನೇ ಒಂದು ಭಾಗ.

ಈ 1/60 ಮುಂದೆ ಎರಡು ಕಡೆ ಬೇಕು. ಬಲವಾದ ಆಘಾತ ತರಂಗ ಅನಿಲವನ್ನು ನಾಲ್ಕು ಪಟ್ಟು ಒತ್ತುತ್ತದೆ. ಆದ್ದರಿಂದ ಆಘಾತದಿಂದ ನೋಡಿದರೆ ಮುಂದಿನ ಅನಿಲ ಪೂರ್ಣ ವೇಗದಲ್ಲಿ ಒಳನುಗ್ಗಿ, ಕಾಲುಭಾಗ ವೇಗದಲ್ಲಿ ಹಿಂದಕ್ಕೆ ಹೋಗುತ್ತದೆ. ಎರಡೂ ಬದಿಯ ಕಾಂತಕ್ಷೇತ್ರದ ಏರಿಳಿತಗಳಲ್ಲಿ ಚದುರುತ್ತಾ ಪ್ರೋಟಾನ್ ಒಮ್ಮೆ ಆಚೆ ಹೋಗಿ ಈಚೆ ಬಂದರೆ ಅದರ ಶಕ್ತಿ ಸರಾಸರಿ 1/60ರಷ್ಟು ಏರುತ್ತದೆ. ಅದೇ ಸುತ್ತಿನಲ್ಲಿ ಅನಿಲದೊಂದಿಗೆ ಹಿಂದಕ್ಕೆ ಕೊಚ್ಚಿಹೋಗಿ ಮರಳದೇ ಇರುವ ಸಂಭವವೂ 1/60. 1 ಜಿಇವಿಯಿಂದ (ನೂರು ಕೋಟಿ ಎಲೆಕ್ಟ್ರಾನ್‌ವೋಲ್ಟ್) 100 ಟಿಇವಿಗೆ (1 ಟಿಇವಿ ಅಂದರೆ 1000 ಜಿಇವಿ) ಒಂದು ಲಕ್ಷ ಪಟ್ಟು ಏರಬೇಕು. ಲಕ್ಷದ ಸ್ವಾಭಾವಿಕ ಲಾಗರಿದಮ್ 11.5, ಅದನ್ನು 60ರಿಂದ ಗುಣಿಸಿದರೆ 690 ಸುತ್ತು. ಅಷ್ಟು ಸುತ್ತು ದಾಟಿ ಉಳಿಯುವುದು ಲಕ್ಷಕ್ಕೆ ಒಂದೇ ಪ್ರೋಟಾನ್. ಶಕ್ತಿ ಲಕ್ಷ ಪಟ್ಟು, ಸಂಖ್ಯೆ ಲಕ್ಷದಲ್ಲೊಂದು: ಒಂದು ಶಕ್ತಿಗಿಂತ ಮೇಲಿರುವ ಕಣಗಳ ಒಟ್ಟು ಎಣಿಕೆ ಶಕ್ತಿಯ ಮೈನಸ್ 1ನೇ ಘಾತದಂತೆ ಇಳಿಯುತ್ತದೆ. ಒಂದೊಂದು ಶಕ್ತಿಯಲ್ಲಿ ಎಷ್ಟು ಕಣಗಳಿವೆ ಎಂಬ ಎಣಿಕೆಯೇ ರೋಹಿತ, ಅದು ಮೈನಸ್ 2ನೇ ಘಾತದ್ದಾಗುವುದು ಹೀಗೆ. ನಿಮ್ಮ ಲೆಕ್ಕದಲ್ಲಿ ಈ ಎರಡು ಸಂಖ್ಯೆ ಹೊಂದದಿದ್ದರೆ ಎಲ್ಲೋ ಆಘಾತದ ವೇಗದ ಜಾಗದಲ್ಲಿ ಅನಿಲದ ವೇಗ ಹಾಕಿದ್ದೀರಿ.

ಮುಂದೆ ಸಮಯ. ಪ್ರೋಟಾನ್ ಸುತ್ತುವ ತ್ರಿಜ್ಯ ಮೀಟರಿನಲ್ಲಿ ಬೇಕಾದರೆ, ಎಲೆಕ್ಟ್ರಾನ್‌ವೋಲ್ಟ್‌ನಲ್ಲಿರುವ ಶಕ್ತಿಯನ್ನು ಬೆಳಕಿನ ವೇಗ ಮತ್ತು ಟೆಸ್ಲಾದಲ್ಲಿರುವ ಕಾಂತಕ್ಷೇತ್ರದ ಗುಣಲಬ್ಧದಿಂದ ಭಾಗಿಸಿ. ಒಂದು ಮೈಕ್ರೋಗೌಸ್ ಅಂದರೆ 10⁻¹⁰ ಟೆಸ್ಲಾ. ಹೆಚ್ಚಿನವರು ಎಡವುವುದು ಇಲ್ಲೇ. ಅಂತರತಾರಾ ಕ್ಷೇತ್ರ 3 ಮೈಕ್ರೋಗೌಸ್ ಎಂದಿಟ್ಟುಕೊಂಡರೆ 100 ಟಿಇವಿಗೆ ತ್ರಿಜ್ಯ 1.1 × 10¹⁵ ಮೀಟರ್. ಅದನ್ನು ಬೆಳಕಿನ ವೇಗದಿಂದ ಗುಣಿಸಿ 3ರಿಂದ ಭಾಗಿಸಿದರೆ ವಿಸರಣ ಗುಣಾಂಕ, ಅಂದರೆ ಕಣ ಚದುರುತ್ತಾ ಎಷ್ಟು ಬೇಗ ಹರಡುತ್ತದೆ ಎಂಬ ಅಳತೆ, 1.1 × 10²³. ಇದು ಬೋಮ್ ಮಿತಿ, ಅಂದರೆ ಚದುರುವಿಕೆ ಆಗಬಹುದಾದಷ್ಟು ಜೋರಾಗಿದೆ ಎಂಬ ಉದಾರ ಊಹೆ. ಗುಣಾಂಕವನ್ನು ಸೆಕೆಂಡಿಗೆ ಮೀಟರಿನಲ್ಲಿರುವ ವೇಗದ ವರ್ಗದಿಂದ (2.5 × 10¹³) ಭಾಗಿಸಿ, 8ರಿಂದ ಗುಣಿಸಿ. ಆಘಾತದ ಹಿಂದೆ ಕ್ಷೇತ್ರವೂ ನಾಲ್ಕು ಪಟ್ಟಾದರೆ 8, ಎರಡೂ ಕಡೆ ಒಂದೇ ಇದ್ದರೆ 20. 100 ಟಿಇವಿ ಮುಟ್ಟಲು ಬೇಕಾದ ಸಮಯ ಎಂಟರಿಂದ ಸುಮಾರು 1100 ವರ್ಷ ಬರುತ್ತದೆ. ಇರುವ ಸಾವಿರ ವರ್ಷದಲ್ಲಿ ಪ್ರೋಟಾನ್ 90 ಟಿಇವಿ ಮುಟ್ಟಿದರೆ ಹೆಚ್ಚು. ಕಾಸ್ಮಿಕ್ ಕಿರಣಗಳ ರೋಹಿತ ಮಂಡಿಯಂತೆ ಬಾಗುವುದು ಸುಮಾರು 3 ಪಿಇವಿಯಲ್ಲಿ (3000 ಟಿಇವಿ). ಅದಕ್ಕಿಂತ ಇದು ಮೂವತ್ತಕ್ಕೂ ಹೆಚ್ಚು ಪಟ್ಟು ಕಡಿಮೆ. ಭೌತವಿಜ್ಞಾನಿಗಳಾದ ಲಗಾಜ್ ಮತ್ತು ಸೆಸಾರ್ಸ್ಕಿ 1983ರಲ್ಲೇ ಈ ತೊಡಕನ್ನು ಎತ್ತಿ ತೋರಿಸಿದ್ದರು.

ಆದರೆ 3 ಮೈಕ್ರೋಗೌಸ್ ಎನ್ನುವುದೇ ತಪ್ಪು ಊಹೆ. ಎಕ್ಸ್-ರೇ ಚಿತ್ರದಲ್ಲಿ ಈಶಾನ್ಯ ಅಂಚು ತೆಳುವಾದ ಎಳೆಗಳಾಗಿ ಹೊಳೆಯುತ್ತದೆ, ಅಗಲ ಸುಮಾರು 20 ಆರ್ಕ್‌ಸೆಕೆಂಡ್. ಇದು ಹತ್ತಾರು ಟಿಇವಿ ಎಲೆಕ್ಟ್ರಾನ್‌ಗಳ ಸಿಂಕ್ರೊಟ್ರಾನ್ ಬೆಳಕು, ಅಂದರೆ ಕಾಂತಕ್ಷೇತ್ರದಲ್ಲಿ ಸುತ್ತುವಾಗ ಅವು ಸೂಸುವ ಬೆಳಕು. ಅವುಗಳ ಶಕ್ತಿ ಬರಿದಾಗುವ ಹೊತ್ತಿಗೆ ಅನಿಲ ಅವನ್ನು ಎಷ್ಟು ದೂರ ಒಯ್ದಿತೋ ಅಷ್ಟೇ ಎಳೆಯ ಅಗಲ. ಆಘಾತಕ್ಕೆ ಹೋಲಿಸಿದರೆ ಅನಿಲ ಹಿಂದೆ ಸರಿಯುವುದು ಕಾಲುಭಾಗ ವೇಗದಲ್ಲಿ, ಅಂದರೆ ವರ್ಷಕ್ಕೆ 0.12 ಆರ್ಕ್‌ಸೆಕೆಂಡ್. 20ನ್ನು 0.12ರಿಂದ ಭಾಗಿಸಿದರೆ ಸುಮಾರು 170 ವರ್ಷ. ಇಲ್ಲಿ ದೂರದ ಪ್ರಸ್ತಾಪವೇ ಬರಲಿಲ್ಲ ಎಂಬುದನ್ನು ಗಮನಿಸಿ. ದೂರದ ದೋಷ ಈ ಹಂತಕ್ಕೆ ತಟ್ಟುವುದಿಲ್ಲ. 1 ಕೆಇವಿ (ಸಾವಿರ ಎಲೆಕ್ಟ್ರಾನ್‌ವೋಲ್ಟ್) ಎಕ್ಸ್-ರೇ ಸೂಸುವ ಎಲೆಕ್ಟ್ರಾನ್ 100 ಮೈಕ್ರೋಗೌಸ್‌ನಲ್ಲಿ ಸುಮಾರು 100 ವರ್ಷ ಬಾಳುತ್ತದೆ, ಆಯಸ್ಸು ಕ್ಷೇತ್ರದ ಮೈನಸ್ 1.5ನೇ ಘಾತದಂತೆ ಬದಲಾಗುತ್ತದೆ. 170 ವರ್ಷಕ್ಕೆ ಹೊಂದುವುದು 70 ಮೈಕ್ರೋಗೌಸ್. ಗೋಳದ ಅಂಚನ್ನು ಬದಿಯಿಂದ ನೋಡುವಾಗ ಎಳೆ ಇರುವುದಕ್ಕಿಂತ ದಪ್ಪ ಕಾಣುತ್ತದೆ, ಹಾಗಾಗಿ ನಿಜವಾದ ಕ್ಷೇತ್ರ ಇದಕ್ಕಿಂತ ಹೆಚ್ಚೇ ಇರಬಹುದು. ಮುನ್ನುಗ್ಗುವ ಕಾಸ್ಮಿಕ್ ಕಿರಣಗಳೇ ಕ್ಷೇತ್ರವನ್ನು ಹೀಗೆ ಹಿಗ್ಗಿಸಬಲ್ಲವು ಎಂದು ಭೌತವಿಜ್ಞಾನಿ ಬೆಲ್ 2004ರಲ್ಲಿ ತೋರಿಸಿದರು.

ಈ 70 ಆಘಾತದ ಹಿಂದಿನ ಕ್ಷೇತ್ರ. ಮುಂದಿನದಕ್ಕೆ ನಾಲ್ಕರಿಂದ ಭಾಗಿಸಿ: 17.5. ಇದನ್ನು ಮರೆತು 70ನ್ನೇ ಹಾಕಿದರೆ ಉತ್ತರ ನಾಲ್ಕು ಪಟ್ಟು ಉಬ್ಬಿ, ಮಂಡಿಯ ಹತ್ತಿರ ಬಂದೆವೆಂದು ಸುಮ್ಮನೆ ಖುಷಿಪಡಬೇಕಾಗುತ್ತದೆ. 90 × 17.5 ÷ 3, ಅಂದರೆ ಸುಮಾರು 500 ಟಿಇವಿ. ಬೋಮ್ ಮಿತಿಯ ಉದಾರತೆ ಸೇರಿಯೂ ಮಂಡಿಗೆ ಆರು ಪಟ್ಟು ಕಡಿಮೆ. ಇನ್ನು ಉತ್ತರ ವೇಗದ ವರ್ಗವನ್ನು ಅನುಸರಿಸುತ್ತದೆ, ವೇಗ ದೂರವನ್ನು ಅನುಸರಿಸುತ್ತದೆ, ದೂರದಲ್ಲಿ ಶೇ. 10 ತಪ್ಪಿದರೆ ಇಲ್ಲಿ ಶೇ. 20 ತಪ್ಪುತ್ತದೆ.

ಬಂದ ಮೈನಸ್ 2ನ್ನು ಭೂಮಿಯಲ್ಲಿ ಅಳೆದ ಮೈನಸ್ 2.7ಕ್ಕೆ ನೇರವಾಗಿ ಹೋಲಿಸಬೇಡಿ. ಹೆಚ್ಚು ಶಕ್ತಿಯ ಕಣಗಳು ಗೆಲಾಕ್ಸಿಯಿಂದ ಬೇಗ ಸೋರಿಹೋಗುವುದರಿಂದ ದಾರಿಯಲ್ಲಿ ಇಳಿಜಾರು ಕಡಿದಾಗುತ್ತದೆ. ಇಲ್ಲಿ ಅಳೆದ ರೋಹಿತವೂ ಮಂಡಿಯವರೆಗೆ ಒಂದೇ ನೇರ ಗೆರೆಯಲ್ಲ: ಊಟಿಯ ಗ್ರೇಪ್ಸ್-3 ಕಾಸ್ಮಿಕ್ ಕಿರಣ ಪ್ರಯೋಗ 2024ರಲ್ಲಿ ಪ್ರಕಟಿಸಿದ ಪ್ರೋಟಾನ್ ಅಳತೆಯಲ್ಲಿ ಸುಮಾರು 166 ಟಿಇವಿಯಿಂದಾಚೆ ಇಳಿಜಾರು ಸ್ವಲ್ಪ ಸಡಿಲವಾಗುತ್ತದೆ.

ಗಾಮಾ ಕಿರಣ ಕಂಡಾಕ್ಷಣ ಪ್ರೋಟಾನ್ ಸಿಕ್ಕಿತೆಂದುಕೊಳ್ಳುವುದೂ ಅವಸರ. ಎಲೆಕ್ಟ್ರಾನ್‌ಗಳು ವಿಶ್ವದೆಲ್ಲೆಡೆ ಹರಡಿರುವ ಮೈಕ್ರೋವೇವ್ ಹಿನ್ನೆಲೆಯ ಫೋಟಾನ್‌ಗಳನ್ನು ಗುದ್ದಿದರೂ ಗಾಮಾ ಬರುತ್ತದೆ. ಪ್ರೋಟಾನ್‌ನ ಗುರುತು ಪಯಾನ್ ಕ್ಷಯ: ಪ್ರೋಟಾನ್ ಅನಿಲಕ್ಕೆ ಬಡಿದಾಗ ಹುಟ್ಟುವ ಪಯಾನ್ ಎಂಬ ಅಲ್ಪಾಯು ಕಣ ಒಡೆದು ಗಾಮಾ ಕೊಡುತ್ತದೆ. ಅದಿದ್ದರೆ ಸುಮಾರು 200 ಎಂಇವಿಯ (0.2 ಜಿಇವಿ) ಕೆಳಗೆ ರೋಹಿತ ಥಟ್ಟನೆ ಕುಸಿಯುತ್ತದೆ. ಗಾಮಾ ಕಿರಣ ನೋಡುವ ಫರ್ಮಿ ಉಪಗ್ರಹ 2013ರಲ್ಲಿ ಐಸಿ 443 ಮತ್ತು ಡಬ್ಲ್ಯೂ 44 ಅವಶೇಷಗಳಲ್ಲಿ ಇದನ್ನು ತೋರಿಸಿಕೊಟ್ಟಿತು. ಆದರೆ ಅವೆರಡೂ ಸಾವಿರಾರು ವರ್ಷ ಹಳೆಯವು, ಆಘಾತದ ವೇಗ ತೀರಾ ಇಳಿದಿದೆ. ಅಲ್ಲಿಯ ಪ್ರೋಟಾನ್‌ಗಳನ್ನು 3 ಪಿಇವಿಗೆ ಸಾಕ್ಷಿಯಾಗಿ ಬಳಸಲು ಬರುವುದಿಲ್ಲ.