ಮೀನಿನ ಬಾಲ ಬೇಡ ಅಂದುಕೊಂಡೆ: ನಾನು ಸೈರನ್ ಬರೆದ ಬಗೆ

ಗ್ರೀಕ್ ಪುರಾಣದಲ್ಲಿ ಹಾಡಿನಿಂದಲೇ ನಾವಿಕರನ್ನು ಸಾವಿನತ್ತ ಸೆಳೆಯುವವಳು ಸೈರನ್. ಹೆಸರು ಕೇಳಿದರೆ ಈಗ ಜಾಸ್ತಿ ಜನರಿಗೆ ಮತ್ಸ್ಯಕನ್ಯೆಯೇ ನೆನಪಾಗುವುದು, ಅಲ್ವಾ? ಹಳೆಯ ಗ್ರೀಕ್ ಕಲಾವಿದರು ಬರೆದದ್ದು ಹಕ್ಕಿ ಮೈ, ಹೆಣ್ಣಿನ ತಲೆ. ನಾನೂ ಹಾಗೇ ಬರೆದೆ. ಹಾಡುವ ಜೀವಕ್ಕೆ ರೆಕ್ಕೆಯೇ ಸರಿ ಅನ್ನುವುದು ನನ್ನ ನಂಬಿಕೆ.

ಮಾದರಿಗೆ ಇಟ್ಟುಕೊಂಡದ್ದು ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಹೂಜಿಯ ಫೋಟೊಗಳು. ಕ್ರಿ.ಪೂ. 480ರ ಆಸುಪಾಸಿನ ಅಥೆನ್ಸ್ ಕೆಲಸ, ಸಿಕ್ಕಿದ್ದು ಇಟಲಿಯ ವುಲ್ಚಿಯಲ್ಲಿ. ಗ್ರೀಕ್ ಕಥೆಯ ವೀರ ಒಡಿಸ್ಯೂಸ್‌ನನ್ನು ಹಡಗಿನ ಕಂಬಕ್ಕೆ ಕಟ್ಟಿದ್ದಾರೆ, ಹಾಡು ಕೇಳುತ್ತಾ ಅವನು ತಲೆ ಮೇಲೆತ್ತಿದ್ದಾನೆ, ಕಿವಿಗೆ ಮೇಣ ತುಂಬಿಕೊಂಡವರು ಸುಮ್ನೆ ಹುಟ್ಟು ಹಾಕುತ್ತಿದ್ದಾರೆ. ಇಬ್ಬರು ಸೈರನ್‌ಗಳು ಬಂಡೆ ಮೇಲೆ. ಮೂರನೆಯವಳು ತಲೆಕೆಳಗಾಗಿ ಬೀಳುತ್ತಿದ್ದಾಳೆ, ಕಣ್ಣು ಮುಚ್ಚಿದೆ. ಹಾಡು ಕೇಳಿಯೂ ಒಬ್ಬ ಪಾರಾದರೆ ಸೈರನ್‌ಗಳಿಗೇ ಸಾವು ಅಂತ ಕಥೆಯಿದೆ. ಆ ಮುಚ್ಚಿದ ಕಣ್ಣು ನೋಡಿದ ಮೇಲೆ ನನಗೆ ಅವರು ಬರೀ ರಾಕ್ಷಸಿಯರಾಗಿ ಕಾಣಲಿಲ್ಲ. ಬರೆದರೆ ಇವಳನ್ನೇ ಬರೆಯಬೇಕು ಅನಿಸಿತು.

ಆ ಹೂಜಿಯಲ್ಲಿ ಸುತ್ತಲಿನ ಜಾಗಕ್ಕೆ ಕಪ್ಪು, ಆಕೃತಿಗೆ ಮಣ್ಣಿನದೇ ಕೆಂಪು. ಅದಕ್ಕೇ ನಾನು ಕಂದು ಕಾಗದ ತೆಗೆದುಕೊಂಡು, ಪೆನ್ಸಿಲ್ ಗೆರೆ ಮೇಲೆ ನಿಬ್ಬಿನಿಂದ ಇಂಡಿಯನ್ ಇಂಕ್ ಎಳೆದು, ಕೊನೆಗೆ ಬ್ರಷ್‌ನಲ್ಲಿ ಸುತ್ತಲೂ ಕಪ್ಪು ತುಂಬಿದೆ. ಕಪ್ಪು ಬಂದ ಮೇಲೆ ಆಕೃತಿ ಕಣ್ಣಿಗೆ ತುಸು ದೊಡ್ಡದಾಗಿ ಕಾಣುತ್ತದೆ, ಹಾಗಾಗಿ ಕುತ್ತಿಗೆಯನ್ನು ಮೊದಲೇ ಸಣ್ಣಗೆ ಇಟ್ಟಿದ್ದೆ. ಕಷ್ಟ ಇದ್ದದ್ದು ಕುತ್ತಿಗೆ ಮತ್ತು ಹಕ್ಕಿ ಮೈ ಸೇರುವ ಜಾಗದಲ್ಲಿ. ಕೂದಲು ಇಳಿಬಿಟ್ಟು ಮರೆಮಾಡಬಹುದಿತ್ತು, ನನಗೆ ಮನಸ್ಸಾಗಲಿಲ್ಲ. ಗಂಟಲ ಕೆಳಗೆ ಚಿಕ್ಕ ಚಿಕ್ಕ ಗರಿ, ಎದೆಗೆ ಬರುತ್ತಾ ಅಗಲ, ರೆಕ್ಕೆಯಲ್ಲಿ ಉದ್ದ. ಗರಿಗಳ ಸಾಲಿಗೆ ಹದ್ದಿನ ಫೋಟೊ ನೋಡಿಕೊಂಡೆ.

ಆಮೇಲೆ ಬಂದ ಇಂಗ್ಲಿಷ್ ಚಿತ್ರಕಾರರ ಸೈರನ್ ಚಿತ್ರಗಳನ್ನೂ ಪಕ್ಕದಲ್ಲಿಟ್ಟು ನೋಡಿದೆ. ಎಟ್ಟಿ 1837ರಲ್ಲಿ ಬರೀ ಬೆತ್ತಲೆ ಹೆಂಗಸರನ್ನು ಬರೆದ, ಡ್ರೇಪರ್ 1909ರಲ್ಲಿ ಮೀನಿನ ಬಾಲ ತಂದ. ಇಬ್ಬರಲ್ಲೂ ಮೈಮಾಟದ ಮುಂದೆ ಹಾಡು ಹಿಂದೆ ಸರಿಯಿತು ಅಂತ ನನಗನಿಸುತ್ತದೆ. ವಾಟರ್‌ಹೌಸ್ 1891ರಲ್ಲಿ ಮತ್ತೆ ಹಕ್ಕಿಗಳನ್ನೇ ಹಡಗಿನ ಸುತ್ತ ಹಾರಿಸಿದ, ನನಗೆ ಅವನೇ ಹತ್ತಿರ.

ಮುಂದೆ ಬರೆಯಬೇಕಿರುವುದು ಅಥೆನ್ಸಿನ ಕೆರಾಮಿಕೋಸ್ ಸ್ಮಶಾನದಲ್ಲಿ ಸಿಕ್ಕ ಕಲ್ಲಿನ ಸೈರನ್. ಅವಳು ಸತ್ತವರಿಗಾಗಿ ಲೈರ್ ಅನ್ನುವ ತಂತಿವಾದ್ಯ ನುಡಿಸುತ್ತಾಳೆ. ಕಲ್ಲಿನ ಉಬ್ಬುತಗ್ಗಿಗೆ ಗೆರೆ ಸಾಲದು, ಇದ್ದಿಲಲ್ಲೇ ಮಾಡಬೇಕು.