ಪ್ರಾಸ್ಟೇಟ್ ಆಪರೇಷನ್: ರೋಬೋಟ್ ಯಾರಿಗೆ, ಲೇಸರ್ ಯಾರಿಗೆ

ಪ್ರಾಸ್ಟೇಟ್, ಅಂದರೆ ಗಂಡಸರ ಮೂತ್ರಚೀಲದ ಕೆಳಗಿರುವ ಗ್ರಂಥಿ, ದೊಡ್ಡದಾಗಿದೆ ಅಂತ ನನ್ನ ಹತ್ತಿರ ಬರುವ ಹೆಚ್ಚಿನವರಿಗೆ ರೋಬೋಟ್ ಬೇಕಾಗುವುದಿಲ್ಲ. ಹೊಟ್ಟೆಗೆ ಒಂದು ತೂತು ಕೂಡ ಬೇಕಾಗುವುದಿಲ್ಲ. ಆದರೂ ರಾಯಚೂರಿನ ನನ್ನ ಓಪಿಡಿಯಲ್ಲಿ ಮಕ್ಕಳು ಈಗೀಗ ಮೊದಲು ಕೇಳುವುದೇ ಅದು: "ಸರ್, ರೋಬೋಟ್ ಆಪರೇಷನ್ ಮಾಡ್ಸೋಣ್ರಿ. ಹೈದರಾಬಾದಿಗಾದ್ರೂ ಕರ್ಕೊಂಡು ಹೋಗ್ತೀವ್ರಿ." ಅಪ್ಪನ ಮೇಲಿನ ಕಾಳಜಿ ಅದು. ಆದರೆ ಮೊದಲು ಕಾಯಿಲೆ ಯಾವುದು ಅಂತ ಗೊತ್ತಾಗಬೇಕಲ್ವಾ? ವಯಸ್ಸಿಗೆ ಗ್ರಂಥಿ ದಪ್ಪವಾಗುವುದು ಬೇರೆ, ಕ್ಯಾನ್ಸರ್ ಬೇರೆ. ರೋಬೋಟ್ ಮುಖ್ಯವಾಗಿ ಎರಡನೆಯದಕ್ಕೆ.

ಯಜಮಾನರು ಬಾಯಿ ಬಿಡುವುದಿಲ್ಲ, ನಾಚಿಕೆ. ಹಾಗಾಗಿ ನಾನು ಅವರ ಹೆಂಡತಿಯನ್ನು ಕೇಳುತ್ತೇನೆ, "ಅಮ್ಮಾ, ರಾತ್ರಿ ಎಷ್ಟು ಸಲ ಏಳ್ತಾರ್ರಿ?" ಸರಿಯಾದ ಉತ್ತರ ಅಲ್ಲಿ ಸಿಗುತ್ತದೆ. ಬೇಸಿಗೆಯಲ್ಲಿ ಮಾನ್ವಿ, ದೇವದುರ್ಗದ ಕಡೆಯಿಂದ ಬಸ್ಸಿಗೆ ಬರುವವರು, ದಾರಿಯಲ್ಲಿ ಒಂದಕ್ಕೆ ಬಂದರೆ ಏನು ಮಾಡೋದು ಅಂತ ಬೆಳಿಗ್ಗೆಯಿಂದ ನೀರೇ ಕುಡಿದಿರುವುದಿಲ್ಲ. ನಮ್ಮ ಬಿಸಿಲಲ್ಲಿ ಹಾಗೆ ಮಾಡಿದರೆ ಉರಿ, ಸೋಂಕು, ಕಲ್ಲು ಎಲ್ಲವೂ ಜಾಸ್ತಿ. ನೆಗಡಿಗೆ ಅಂಗಡಿ ಮಾತ್ರೆ ನುಂಗಿ ಮೂತ್ರ ಕಟ್ಟಿ ಮಧ್ಯರಾತ್ರಿ ಬರುವವರೂ ಇದ್ದಾರೆ. ಅದರಲ್ಲಿರುವ ಕೆಲವು ಔಷಧಿಗಳು ಪ್ರಾಸ್ಟೇಟ್ ದಪ್ಪ ಇದ್ದವರಿಗೆ ಆಗಿಬರುವುದಿಲ್ಲ.

ಮೂತ್ರ ಕಟ್ಟಿ ಪೈಪ್ ಹಾಕಿದ ದಿನವೇ ಪಿಎಸ್‌ಎ, ಅಂದರೆ ಪ್ರಾಸ್ಟೇಟ್ ಕ್ಯಾನ್ಸರ್‌ನ ಸುಳಿವು ಹುಡುಕುವ ರಕ್ತ ಪರೀಕ್ಷೆ, ಮಾಡಿಸಿ ತಂದರೆ ಆ ಸಂಖ್ಯೆಯನ್ನು ನಾನು ನೆಚ್ಚುವುದಿಲ್ಲ. ಪೈಪ್, ಸೋಂಕು ಎರಡೂ ಅದನ್ನು ಏರಿಸುತ್ತವೆ. ಕೆಲವು ವಾರ ಬಿಟ್ಟು ಮತ್ತೆ ಮಾಡಿಸುತ್ತೇನೆ. ಆರು ತಿಂಗಳಿಂದ ಗ್ರಂಥಿ ಕುಗ್ಗಿಸುವ ಡುಟಾಸ್ಟರೈಡ್ ಮಾತ್ರೆ ನುಂಗುತ್ತಿದ್ದರೆ ಬಂದ ಸಂಖ್ಯೆಯನ್ನು ದುಪ್ಪಟ್ಟು ಮಾಡಿ ಓದುತ್ತೇನೆ, ಯಾಕೆಂದರೆ ಆ ಮಾತ್ರೆ ಪಿಎಸ್‌ಎಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಗುದದ್ವಾರದ ಮೂಲಕ ಗ್ರಂಥಿಯನ್ನು ಬೆರಳಿನಿಂದ ಮುಟ್ಟಿ ನೋಡುವುದನ್ನು ಮಾತ್ರ ಬಿಡುವುದಿಲ್ಲ. ಗಟ್ಟಿ ಗಂಟು ಸಿಕ್ಕರೆ ಪಿಎಸ್‌ಎ ಕಡಿಮೆ ಇದ್ದರೂ ಎಂಆರ್‌ಐ, ಬಯಾಪ್ಸಿ.

ಮಾತ್ರೆಯಲ್ಲಿ ಸುಧಾರಿಸಿದವರಿಗೆ ಆಪರೇಷನ್ ಬೇಡ. ಪೈಪ್ ತೆಗೆದಾಗಲೆಲ್ಲ ಮತ್ತೆ ಕಟ್ಟಿದರೆ, ಮೂತ್ರಚೀಲದಲ್ಲಿ ಕಲ್ಲು ಕೂತರೆ, ಕಿಡ್ನಿ ಊದಿದರೆ ಬೇಕು. ಹಿಂದೆ ಟಿಯುಆರ್‌ಪಿಯನ್ನೇ ಹೆಚ್ಚು ಮಾಡುತ್ತಿದ್ದೆ. ಮೂತ್ರದ ದಾರಿಯಲ್ಲೇ ದುರ್ಬೀನ್ ಹಾಕಿ ಗ್ರಂಥಿಯನ್ನು ಚೂರು ಚೂರಾಗಿ ಕೆತ್ತುವುದು. 80 ಗ್ರಾಂ ಒಳಗಿನ ಗ್ರಂಥಿಗೆ ಇವತ್ತಿಗೂ ಅದು ಒಳ್ಳೆಯ ಆಪರೇಷನ್. ಆದರೆ ನಮ್ಮ ಕಡೆಯವರು ವರ್ಷಗಟ್ಟಲೆ ತಡೆದುಕೊಂಡು ಬರುತ್ತಾರೆ. ಅಷ್ಟರಲ್ಲಿ ಗ್ರಂಥಿ 100 ಗ್ರಾಂ ದಾಟಿರುತ್ತದೆ, ಹೃದಯಕ್ಕೆ ಸ್ಟೆಂಟ್ ಬಿದ್ದು ರಕ್ತ ತೆಳು ಮಾಡುವ ಮಾತ್ರೆ ನಡೆದಿರುತ್ತದೆ. ಇಂಥವರಿಗಾಗಿಯೇ ನಾನು ಹೋಲೆಪ್ ಕಲಿತೆ. ಹೋಲ್ಮಿಯಂ ಲೇಸರ್‌ನಿಂದ ಗ್ರಂಥಿ ಬಿಡಿಸುವ ಈ ವಿಧಾನವನ್ನು 1990ರ ದಶಕದಲ್ಲಿ ನ್ಯೂಜಿಲೆಂಡಿನ ಪೀಟರ್ ಗಿಲ್ಲಿಂಗ್ ಮತ್ತು ಜೊತೆಗಾರರು ರೂಪಿಸಿದರು. ಬೇಗ ಕೈಗೆ ಹತ್ತುವ ಕೆಲಸ ಅಲ್ಲ. ಮೊದಲು ಹಿರಿಯರ ಪಕ್ಕ ನಿಂತು ನೋಡಿದೆ, ಆಮೇಲೆ ಅವರನ್ನು ಪಕ್ಕ ನಿಲ್ಲಿಸಿಕೊಂಡು ಮಾಡಿದೆ.

ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಜೋಮು ಹಿಡಿಸುತ್ತೇವೆ. ದುರ್ಬೀನ್ ಒಳಗೆ ಹೋದ ಕೂಡಲೇ ನಾನು ಹುಡುಕುವುದು ವೆರುಮೊಂಟಾನಮ್ ಎಂಬ ಪುಟ್ಟ ಉಬ್ಬು. ಅದರ ಕೆಳಗಡೆ ಮೂತ್ರ ಹಿಡಿದಿಡುವ ಸ್ನಾಯು ಇದೆ, ಅದಕ್ಕೆ ಪೆಟ್ಟಾಗಬಾರದು. ಉಬ್ಬಿನ ಪಕ್ಕ ಲೇಸರ್‌ನಿಂದ ಗೀರಿ ಇಳಿದರೆ, ಬೆಳೆದ ಗಡ್ಡೆಗೂ ಹೊರಗಿನ ಕವಚಕ್ಕೂ ನಡುವೆ ಒಂದು ಪದರ ಸಿಗುತ್ತದೆ. ಕವಚ ಬೆಳ್ಳಗೆ, ನುಣ್ಣಗೆ ಹೊಳೆಯುತ್ತದೆ. ಆ ಬಿಳುಪು ಕಂಡರೆ ದಾರಿ ಸರಿ ಇದೆ ಅಂತ. ಮುಂದೆ ಕತ್ತರಿಸುವುದು ಕಡಿಮೆ, ದುರ್ಬೀನಿನ ಮೂತಿಯಿಂದ ಮೆಲ್ಲಗೆ ನೂಕುವುದೇ ಜಾಸ್ತಿ. ಚಿಪ್ಪಿನಿಂದ ಕೊಬ್ಬರಿ ಎಬ್ಬಿಸಿದ ಹಾಗೆ ಗಡ್ಡೆ ಬಿಟ್ಟುಕೊಳ್ಳುತ್ತದೆ. ಅಡ್ಡ ಬಂದ ರಕ್ತನಾಳವನ್ನು ಲೇಸರ್ ಅಲ್ಲೇ ಮುಚ್ಚುತ್ತದೆ. ಬಿಡಿಸಿದ್ದನ್ನು ಮೂತ್ರಚೀಲಕ್ಕೆ ತಳ್ಳಿ, ಮಾರ್ಸೆಲೇಟರ್‌ನಿಂದ ಚೂರು ಮಾಡಿ ಹೀರಿ ತೆಗೆಯುತ್ತೇವೆ. ರಕ್ತ ನಿಂತು ಒಳಗಿನ ನೀರು ತಿಳಿಯಾಗುವವರೆಗೆ ನಾನು ಮಾರ್ಸೆಲೇಟರ್ ಮುಟ್ಟುವುದಿಲ್ಲ. ಚೀಲ ತುಂಬಿ ಉಬ್ಬಿರಬೇಕು. ಇಲ್ಲದಿದ್ದರೆ ಬ್ಲೇಡು ಚೀಲದ ಗೋಡೆಯನ್ನೇ ಎಳೆದುಕೊಂಡೀತು.

ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಪೈಪ್ ತೆಗೆಯುತ್ತೇವೆ. ಕೆಲವರಿಗೆ ಕೆಲವು ವಾರ ಕೆಮ್ಮಿದಾಗ, ಭಾರ ಎತ್ತಿದಾಗ ಹನಿ ಸೋರುತ್ತದೆ. ಇನ್ನೊಂದು, ಸಂಭೋಗದಲ್ಲಿ ವೀರ್ಯ ಹೊರಗೆ ಬರುವ ಬದಲು ಮೂತ್ರಚೀಲಕ್ಕೆ ಹೋಗುತ್ತದೆ. ಹೆಚ್ಚಿನವರಿಗೆ ಹೀಗಾಗುತ್ತದೆ, ಅಪಾಯ ಇಲ್ಲ. ಆದರೆ ಮೊದಲೇ ಹೇಳದಿದ್ದರೆ ಗಾಬರಿಯಾಗುತ್ತಾರೆ. ಅದಕ್ಕೇ ಗಂಡ-ಹೆಂಡತಿ ಇಬ್ಬರನ್ನೂ ಕೂರಿಸಿ ಬಿಡಿಸಿ ಹೇಳುತ್ತೇನೆ. ರಕ್ತ ತೆಳುವಿನ ಮಾತ್ರೆಯನ್ನು ಹೃದಯದ ಡಾಕ್ಟರನ್ನು ಕೇಳದೆ ನೀವೇ ನಿಲ್ಲಿಸಬೇಡಿ ಅಂತಲೂ.

ಕ್ಯಾನ್ಸರ್ ಆದರೆ ಲೆಕ್ಕವೇ ಬೇರೆ. ಗ್ರಂಥಿಯನ್ನು ಕವಚ ಸಮೇತ ತೆಗೆದು, ಮೂತ್ರಚೀಲವನ್ನು ಮೂತ್ರನಾಳಕ್ಕೆ ಮತ್ತೆ ಹೊಲಿಯಬೇಕು. ಸೊಂಟದ ಮೂಳೆಗಳ ನಡುವೆ ಇಕ್ಕಟ್ಟಿನ ಜಾಗ ಅದು. ಅಲ್ಲಿ ಮಣಿಕಟ್ಟಿನಂತೆ ತಿರುಗುವ ರೋಬೋಟಿನ ಕೈ, ದೊಡ್ಡದಾಗಿ ಕಾಣುವ ಚಿತ್ರ ನಿಜಕ್ಕೂ ನೆರವಿಗೆ ಬರುತ್ತವೆ. ರೋಬೋಟ್ ತಾನಾಗಿ ಏನೂ ಮಾಡುವುದಿಲ್ಲ, ಕನ್ಸೋಲ್‌ನಲ್ಲಿ ಕೂತ ಡಾಕ್ಟರ್ ಕೈ ಆಡಿಸಿದಂತೆ ಆಡುತ್ತದೆ. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ರೋಬೋಟ್ ಮತ್ತು ತೆರೆದ ಆಪರೇಷನ್ ಹೋಲಿಸಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ರೋಬೋಟಿನಲ್ಲಿ ರಕ್ತ ಹೋಗಿದ್ದು ಕಡಿಮೆ. ಆದರೆ 12 ವಾರಗಳ ಹೊತ್ತಿಗೆ ಮೂತ್ರದ ಹಿಡಿತದಲ್ಲಿ, ಲೈಂಗಿಕ ಶಕ್ತಿಯಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಹೈದರಾಬಾದಿಗೋ ಬೆಂಗಳೂರಿಗೋ ಕಳಿಸುವಾಗ ಮಷೀನಿನ ಹೆಸರು ಕೇಳಬೇಡಿ, ಆ ಡಾಕ್ಟರ್ ಇಂಥ ಆಪರೇಷನ್ ಎಷ್ಟು ಮಾಡಿದ್ದಾರೆ ಕೇಳಿ ಅನ್ನುತ್ತೇನೆ.

ಲೇಸರ್‌ನಿಂದ ತೆಗೆದ ಚೂರುಗಳನ್ನು ತಪ್ಪದೆ ಲ್ಯಾಬಿಗೆ ಕಳಿಸುತ್ತೇನೆ. ಕೆಲವರಲ್ಲಿ ಯಾರೂ ಅಂದುಕೊಳ್ಳದ ಕ್ಯಾನ್ಸರ್ ಅದರಲ್ಲೇ ಸಿಗುತ್ತದೆ. ಆದರೆ ಮೂತ್ರ ಸರಾಗವಾದ ಮೇಲೆ ರಿಪೋರ್ಟ್ ಕೇಳಿಕೊಂಡು ಬರುವವರು ಕಡಿಮೆ. ಅದಕ್ಕೇ ಡಿಸ್ಚಾರ್ಜ್ ದಿನ ಮಗನದೋ ಸೊಸೆಯದೋ ಫೋನ್ ನಂಬರನ್ನು ಫೈಲಿನ ಮೇಲೆ ಬರೆಸಿ, ರಿಪೋರ್ಟ್ ಬಂದಾಗ ನಾವೇ ಫೋನ್ ಮಾಡುತ್ತೇವೆ. ಕವಚ ಒಳಗೇ ಉಳಿದಿರುವುದರಿಂದ ಮುಂದೆ ಅಲ್ಲಿ ಕ್ಯಾನ್ಸರ್ ಬರಬಹುದು. ಗಡ್ಡೆ ಹೋದ ಮೇಲೆ ಪಿಎಸ್‌ಎ ಚೆನ್ನಾಗಿ ಇಳಿಯುತ್ತದೆ. ಆ ಹೊಸ ಸಂಖ್ಯೆಯನ್ನು ಫೈಲಿನಲ್ಲಿ ಬರೆದಿಟ್ಟು, ಅದು ಅಲ್ಲಿಂದ ಏರುತ್ತಿದೆಯಾ ಅಂತ ನೋಡುತ್ತಾ ಹೋಗುತ್ತೇನೆ.