ಯಾರು ದೊಡ್ಡ ಕೋಚ್ ಎಂಬ ವಾದಕ್ಕೆ ಕೂರುವ ಮುನ್ನ

ಅಮೆರಿಕದ ಅಲಬಾಮಾ ರಾಜ್ಯದ ಟಸ್ಕಲೂಸಾದಲ್ಲಿ ಸೆಪ್ಟೆಂಬರಿನ ಶನಿವಾರ ಸಂಜೆ 7ಕ್ಕೆ ಶುರುವಾಗುವ ಕಾಲೇಜು ಫುಟ್‌ಬಾಲ್ ಪಂದ್ಯ ದಾವಣಗೆರೆಯಲ್ಲಿ ಭಾನುವಾರ ಬೆಳಗಿನ 5.30ಕ್ಕೆ ಬರುತ್ತದೆ. ಅಕ್ಕನ ಮಗ ಅಲ್ಲಿ ಓದಿ ಬಂದ ಮೇಲೆ ಈ ಚಟ ನನಗೂ ಪಕ್ಕದ ಮನೆಯ ನಿವೃತ್ತ ಇತಿಹಾಸದ ಮೇಷ್ಟ್ರಿಗೂ ಅಂಟಿಕೊಂಡಿತು. ಪಂದ್ಯ ಮುಗಿಯುವ ಹೊತ್ತಿಗೆ ಗಂಟೆ ಒಂಬತ್ತಾಗಿರುತ್ತದೆ, ಬೆಣ್ಣೆ ದೋಸೆ ಹೋಟೆಲಿನ ಸೌದೆ ಒಲೆಯ ಮೇಲೆ ಕಾವಲಿ ಕಾದಿರುತ್ತದೆ. ಅಲ್ಲಿ ಕೂತರೆ ಮೊದಲ ದೋಸೆ ಬರುವುದರೊಳಗೆ ವಾದ ಶುರು: ಅಲಬಾಮಾ ವಿಶ್ವವಿದ್ಯಾಲಯದ ತಂಡದ ಇತಿಹಾಸದಲ್ಲಿ ಅತಿ ದೊಡ್ಡ ಕೋಚ್ ಯಾರು? ಈ ವಾದವನ್ನು ತಪ್ಪು ತಪ್ಪಾಗಿ ಬಹಳ ದಿನ ಮಾಡಿದ ಮೇಲೆ, ಹೇಗೆ ಮಾಡಬೇಕೆಂಬುದು ಸ್ವಲ್ಪ ಮಟ್ಟಿಗೆ ತಿಳಿದಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಆ ಆಟದ ಪರಿಚಯವಿಲ್ಲದವರಿಗೆ ಒಂದು ಮಾತು. ಚೆಂಡು ಮೊಟ್ಟೆಯಾಕಾರದ್ದು, ಅದನ್ನು ಹೆಚ್ಚಾಗಿ ಕೈಯಲ್ಲೇ ಹಿಡಿದು ಓಡುತ್ತಾರೆ. ಪ್ರತಿ ಸಲ ಚೆಂಡು ನಿಂತಾಗಲೂ ಮುಂದಿನ ಹೂಟ ಅಂಕಣದ ಪಕ್ಕದಲ್ಲಿ ನಿಂತ ಕೋಚ್‌ಗಳಿಂದ ಬರುತ್ತದೆ. ಆಟಗಾರರು ನಾಲ್ಕೈದು ವರ್ಷಕ್ಕೆ ಓದು ಮುಗಿಸಿ ಹೊರಟುಹೋಗುತ್ತಾರೆ, ಕೋಚ್ ಮಾತ್ರ ದಶಕಗಟ್ಟಲೆ ಉಳಿಯಬಹುದು. ಅಲ್ಲಿಯ ಜನ ಆಟಗಾರನಿಗಿಂತ ಕೋಚ್‌ನ ಹೆಸರು ಹಿಡಿದು ಜಗಳವಾಡುವುದು ಇದಕ್ಕೇ.

ಮೊದಲು ಪ್ರಶ್ನೆಯನ್ನು ಗೊತ್ತುಮಾಡಿಕೊಳ್ಳಬೇಕು. ‘ದೊಡ್ಡ’ ಎಂಬ ಒಂದೇ ಪದದೊಳಗೆ ಮೂರು ಪ್ರಶ್ನೆಗಳಿವೆ: ಅತಿ ಹೆಚ್ಚು ಗೆದ್ದವನು ಯಾರು, ಕೈಗೆ ಸಿಕ್ಕಿದ್ದರಿಂದ ಅತಿ ಹೆಚ್ಚು ತೆಗೆದವನು ಯಾರು, ಯಾರನ್ನು ಬಿಟ್ಟರೆ ಆ ಸಂಸ್ಥೆಯ ಚರಿತ್ರೆಯನ್ನೇ ಹೇಳಲಾಗದು. ನಮ್ಮ ಹುಡುಗ ಮೊದಲಿನಿಂದಲೂ ನಿಕ್ ಸೇಬನ್ ಪಕ್ಷ, ಮೇಷ್ಟ್ರು ಪಾಲ್ ‘ಬೇರ್’ ಬ್ರಯಂಟ್ ಪಕ್ಷ. (ಬಾಲಕನಾಗಿದ್ದಾಗ ಊರಿಗೆ ಬಂದ ಪ್ರದರ್ಶನದಲ್ಲಿ ಕರಡಿಯೊಂದಿಗೆ ಕುಸ್ತಿಗೆ ಇಳಿದದ್ದರಿಂದ ಬ್ರಯಂಟ್‌ಗೆ ಆ ಹೆಸರು ಬಂತು, ದುಗ್ಗಮ್ಮನ ಜಾತ್ರೆಯ ಕುಸ್ತಿ ನೋಡಿ ಬೆಳೆದ ಮೇಷ್ಟ್ರಿಗೆ ಅಷ್ಟೇ ಸಾಕಾಯಿತೇನೋ.) ಹುಡುಗ ಮೊದಲ ಪ್ರಶ್ನೆಗೆ, ಮೇಷ್ಟ್ರು ಮೂರನೆಯ ಪ್ರಶ್ನೆಗೆ ಉತ್ತರ ಕೊಡುತ್ತಿದ್ದಾರೆಂದು ನಮಗೆ ಹೊಳೆಯಲು ಒಂದಿಡೀ ಋತು ಬೇಕಾಯಿತು.

ಎರಡನೆಯದಾಗಿ, ಆ ಸಂಸ್ಥೆಯ ಹೊರಗಿನ ಲೆಕ್ಕವನ್ನು ಬದಿಗಿಡಬೇಕು. ನಾನೇ ಇಲ್ಲಿ ಎಡವಿದ್ದೇನೆ. ಬ್ರಯಂಟ್ 323 ಪಂದ್ಯ ಗೆದ್ದವರೆಂದು ಗಟ್ಟಿಯಾಗಿ ಹೇಳಿಬಿಟ್ಟೆ. ಹುಡುಗ ಆಲೂಗಡ್ಡೆ ಪಲ್ಯ ಮುಗಿಸುವ ತನಕ ಸುಮ್ಮನಿದ್ದು, “ಮಾಮ, ಅದರಲ್ಲಿ ಅಲಬಾಮಾದ್ದು 232 ಮಾತ್ರ. ಉಳಿದದ್ದು ಮೇರಿಲ್ಯಾಂಡ್, ಕೆಂಟಕಿ, ಟೆಕ್ಸಾಸ್ ಎ ಆ್ಯಂಡ್ ಎಂನಲ್ಲಿ ಗೆದ್ದದ್ದು” ಎಂದ. ಆ ದಿನದ ಬಿಲ್ಲು ನನ್ನದಾಯಿತು. ಇದೇ ನಿಯಮದಂತೆ ಸೇಬನ್ 2003ರಲ್ಲಿ ಲೂಯಿಸಿಯಾನಾ ಸ್ಟೇಟ್ ತಂಡಕ್ಕೆ ತಂದುಕೊಟ್ಟ ಪಟ್ಟವೂ ಇಲ್ಲಿ ಲೆಕ್ಕಕ್ಕಿಲ್ಲ.

ಆಮೇಲೆ ಇಬ್ಬರನ್ನಷ್ಟೇ ಅಲ್ಲ, ಎಲ್ಲರನ್ನೂ ಮೇಜಿಗೆ ತರಬೇಕು. ಅಲಬಾಮಾ ತನ್ನದೆನ್ನುವ ರಾಷ್ಟ್ರೀಯ ಪಟ್ಟಗಳು 18: ವ್ಯಾಲೇಸ್ ವೇಡ್ 3, ಫ್ರ್ಯಾಂಕ್ ಥಾಮಸ್ 2, ಬ್ರಯಂಟ್ 6, ಜೀನ್ ಸ್ಟಾಲಿಂಗ್ಸ್ 1, ಸೇಬನ್ 6. ಬ್ರಯಂಟ್ 1958ರಿಂದ 1982ರವರೆಗೆ 25 ಋತು, ಸೇಬನ್ 2007ರಿಂದ 2023ರವರೆಗೆ 17 ಋತು ಇದ್ದರು. ಪಟ್ಟಗಳನ್ನು ಋತುಗಳಿಂದ ಭಾಗಿಸಿದಾಗ ಸೇಬನ್ ಮುಂದಿದ್ದಾರೆಂದು ಹುಡುಗ ಬೀಗುತ್ತಿದ್ದ. ಆದರೆ 1923ರಿಂದ 1930ರವರೆಗೆ ಬರೀ 8 ಋತು ಇದ್ದ ವೇಡ್ ಅದೇ ಭಾಗಾಕಾರದಲ್ಲಿ ಸೇಬನ್‌ರನ್ನೂ ಕೂದಲೆಳೆಯಲ್ಲಿ ಮೀರಿಸುತ್ತಾರೆ. ಸರಾಸರಿಯನ್ನೇ ನೆಚ್ಚಿದವರು ಈ ಉತ್ತರವನ್ನೂ ಒಪ್ಪಬೇಕಾಗುತ್ತದೆ, ಆಗ ಯಾರೂ ಒಪ್ಪುವುದಿಲ್ಲ.

ಒಪ್ಪದಿರಲು ಕಾರಣ ಬೇಕಲ್ಲ, ಅದನ್ನು ಪಟ್ಟಗಳ ಒಳಗೇ ಹುಡುಕಬೇಕು. ನಮ್ಮ ಎಪಿಎಂಸಿಯಲ್ಲಿ ಹತ್ತಿ ಕೊಳ್ಳುವವರು ಅಂಡಿಗೆಯ ಮೇಲ್ಭಾಗ ನೋಡಿ ಬೆಲೆ ಕಟ್ಟುವುದಿಲ್ಲ. ನಡುವಿನಿಂದ ಒಂದು ಹಿಡಿ ಕಿತ್ತು, ಎರಡು ಹೆಬ್ಬೆರಳುಗಳ ನಡುವೆ ಎಳೆದು, ಎಳೆ ಎಷ್ಟುದ್ದ ಬರುತ್ತದೆಂದು ನೋಡುತ್ತಾರೆ. ಪ್ರತಿ ಪಟ್ಟವನ್ನೂ ಹಾಗೆ ಎಳೆದು ನೋಡಬೇಕು. ಬ್ರಯಂಟ್ ಕಾಲದಲ್ಲೂ ಪಟ್ಟ ಕಟ್ಟುತ್ತಿದ್ದದ್ದು ಅಂತಿಮ ಪಂದ್ಯವಲ್ಲ, ಪತ್ರಕರ್ತರ ಮತ್ತು ಕೋಚ್‌ಗಳ ಮತದಾನ. ಅಸೋಸಿಯೇಟೆಡ್ ಪ್ರೆಸ್‌ನ ಮತದಾನ ನೆಲೆಗೊಂಡದ್ದೇ 1936ರಲ್ಲಿ. ಥಾಮಸ್ ಅವರ 1941ರ ತಂಡ ಎರಡು ಪಂದ್ಯ ಸೋತು ಆ ಮತದಾನದಲ್ಲಿ 20ನೇ ಸ್ಥಾನದಲ್ಲಿತ್ತು. ಬೇರೊಂದು ಗಣಿತ ಪದ್ಧತಿಯ ಆಧಾರದ ಮೇಲೆ ವಿಶ್ವವಿದ್ಯಾಲಯ ಅದನ್ನೂ ಪಟ್ಟವೆಂದು ಎಣಿಸುತ್ತದೆ. ಇಷ್ಟು ಸಡಿಲ ಎಳೆಯನ್ನು ನಾನಂತೂ ಕೊಳ್ಳಲಾರೆ. ಬ್ರಯಂಟ್ ಅವರ 1964 ಮತ್ತು 1973ರ ಪಟ್ಟಗಳು ಋತುವಿನ ಕೊನೆಯ ಬೌಲ್ ಪಂದ್ಯಕ್ಕೆ ಮುಂಚೆಯೇ ಘೋಷಿತವಾದವು, ಆಮೇಲೆ ಆ ಎರಡೂ ಪಂದ್ಯಗಳನ್ನು ಅವರು ಸೋತರು; 1973ರದ್ದು ನೋಟರ್ ಡೇಮ್ ಎದುರು 24-23ರ ಸೋಲು. 1978ರ ಪಟ್ಟವನ್ನು ಹಂಚಿಕೊಂಡದ್ದು ಸದರ್ನ್ ಕ್ಯಾಲಿಫೋರ್ನಿಯಾದೊಂದಿಗೆ, ಅದೇ ಋತುವಿನಲ್ಲಿ ಅಲಬಾಮಾವನ್ನು ಅದರ ನೆಲದಲ್ಲೇ 24-14ರಿಂದ ಸೋಲಿಸಿದ ತಂಡದೊಂದಿಗೆ.

ಹೀಗೆ ಹೇಳಿದಾಗ ಮೇಷ್ಟ್ರು ಕೋಪಿಸಿಕೊಳ್ಳಲಿಲ್ಲ. “ಕಳೆಯೋದಾದ್ರೆ ಕೂಡಿಸೋದೂ ಕಲೀರಿ” ಎಂದರು. 1966ರಲ್ಲಿ ಬ್ರಯಂಟ್ ತಂಡ ಆಡಿದ 11 ಪಂದ್ಯಗಳನ್ನೂ ಗೆದ್ದಿತು, ಆದರೂ ಮೂರನೇ ಸ್ಥಾನಕ್ಕೆ ಇಳಿಯಿತು; ಮೇಲಿದ್ದ ಎರಡು ತಂಡಗಳು ಪರಸ್ಪರ 10-10ರ ಸಮಬಲದಲ್ಲಿ ಕೈಕುಲುಕಿ ಬಂದವು. ಸೇಬನ್ ಕಡೆಯ ಹತ್ತಿಯನ್ನೂ ಎಳೆಯಿರಿ: 2011 ಮತ್ತು 2017ರಲ್ಲಿ ಅವರ ತಂಡ ತನ್ನ ವಲಯದ ಪಟ್ಟವನ್ನೇ ಗೆಲ್ಲದೆ ದೇಶದ ಪಟ್ಟ ಗೆದ್ದಿತು. ಅದು ಬ್ರಯಂಟ್ ಕಾಲದಲ್ಲಿ ನಡೆದಿದ್ದರೆ ಮತದಾರರು ಏನು ಮಾಡುತ್ತಿದ್ದರೋ.

ಕಾಲದ ನಿಯಮಗಳನ್ನು ತಿಳಿಯದೆ ಮಾತಾಡಬಾರದು. 1973ಕ್ಕೆ ಮುಂಚೆ ಒಂದು ತಂಡ ಎಷ್ಟು ಹುಡುಗರಿಗೆ ವಿದ್ಯಾರ್ಥಿವೇತನ ಕೊಡಬಹುದೆಂಬುದಕ್ಕೆ ರಾಷ್ಟ್ರಮಟ್ಟದ ಮಿತಿ ಇರಲಿಲ್ಲ, ಆ ವರ್ಷ 105ರ ಮಿತಿ ಬಂತು, 1994ರ ಹೊತ್ತಿಗೆ ಅದು 85ಕ್ಕೆ ಇಳಿಯಿತು. ಎದುರಾಳಿ ಕರೆದೊಯ್ಯಬಹುದಾದ ಹುಡುಗನನ್ನು ತನ್ನ ಬೆಂಚಿನಲ್ಲಿ ಕೂರಿಸಿಕೊಳ್ಳುವ ಸೌಲಭ್ಯ ಬ್ರಯಂಟ್‌ಗಿತ್ತು, ಸೇಬನ್‌ಗಿರಲಿಲ್ಲ. ಇದಕ್ಕಿಂತ ತೂಕದ ಸಂಗತಿಯೆಂದರೆ 1971ರವರೆಗೆ ಅಲಬಾಮಾದ ಮುಖ್ಯ ತಂಡದಲ್ಲಿ ಒಬ್ಬನೇ ಒಬ್ಬ ಕಪ್ಪು ಆಟಗಾರ ಕಣಕ್ಕಿಳಿದಿರಲಿಲ್ಲ. 1960ರ ದಶಕದ ಮೂರು ಪಟ್ಟಗಳ ಬಗ್ಗೆ ಮಾತಾಡುವವರು ಇದನ್ನು ಹೇಳಲೇಬೇಕು. 1970ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾದ ಸ್ಯಾಮ್ ಕನ್ನಿಂಗ್‌ಹ್ಯಾಮ್ ಎಂಬ ಕಪ್ಪು ಆಟಗಾರ ಬಂದು 42-21ರಿಂದ ಸೋಲಿಸಿದ ಮೇಲೆ ಬ್ರಯಂಟ್ ಕಣ್ಣು ತೆರೆದರೆಂಬ ಕಥೆ ಬಹಳ ಚಾಲ್ತಿಯಲ್ಲಿದೆ. ಆದರೆ ಆ ಪಂದ್ಯದ ಹೊತ್ತಿಗೆ ವಿಲ್ಬರ್ ಜಾಕ್ಸನ್ ಎಂಬ ಕಪ್ಪು ವಿದ್ಯಾರ್ಥಿ ಆಗಲೇ ಅಲಬಾಮಾಕ್ಕೆ ಸೇರಿದ್ದ. ಮೊದಲ ವರ್ಷದವರು ಮುಖ್ಯ ತಂಡಕ್ಕೆ ಆಡುವಂತಿರಲಿಲ್ಲ, ಅಷ್ಟೇ. ಕಥೆ ತೀರಾ ಚೆನ್ನಾಗಿದ್ದರೆ ತಾರೀಖು ನೋಡಿ ಎನ್ನುವುದು ಮೇಷ್ಟ್ರ ಹಳೆಯ ಅಭ್ಯಾಸ.

ಏನು ಕೈಗೆ ಸಿಕ್ಕಿತ್ತು ಎಂಬ ಪ್ರಶ್ನೆಗೆ ಇಬ್ಬರ ಉತ್ತರವೂ ಒಂದೇ ಥರ. ಬ್ರಯಂಟ್ ಬರುವ ಮುಂಚಿನ ಮೂರು ಋತುಗಳಲ್ಲಿ ತಂಡ ಗೆದ್ದದ್ದು 4, ಸೋತದ್ದು 24, ಸಮ 2. ಸೇಬನ್‌ರ ಮೊದಲ ಋತು 7 ಗೆಲುವು, 6 ಸೋಲು, ಅದರಲ್ಲಿ ಲೂಯಿಸಿಯಾನಾ-ಮನ್ರೋ ಎಂಬ ಸಣ್ಣ ತಂಡದೆದುರು ಮನೆಯಂಗಳದ ಸೋಲೂ ಸೇರಿದೆ. ಆ 7ರಲ್ಲಿ 5 ಗೆಲುವುಗಳು ಆಮೇಲೆ ಶಿಸ್ತುಕ್ರಮದಲ್ಲಿ ರದ್ದಾದವು. ಸೇಬನ್‌ರ ಗೆಲುವು 206 ಎನ್ನಬೇಕೋ 201 ಎನ್ನಬೇಕೋ ಎಂಬುದನ್ನು ದೋಸೆ ಬರುವ ಮುನ್ನವೇ ತೀರ್ಮಾನಿಸಿಕೊಳ್ಳಿ.

ನನಗೆ ಎಲ್ಲಕ್ಕಿಂತ ನಂಬಿಕೆಯ ಅಳತೆಗೋಲು ಬೇರೆ: ತನ್ನ ಪದ್ಧತಿ ಹಳತಾಯಿತೆಂದು ಗೊತ್ತಾದಾಗ ಆತ ಏನು ಮಾಡಿದ? 1969ರಲ್ಲಿ ಬ್ರಯಂಟ್ ತಂಡ 6 ಗೆದ್ದು 5 ಸೋತಿತು, 1970ರಲ್ಲೂ ಹೆಚ್ಚುಕಡಿಮೆ ಅಷ್ಟೇ. 57 ವಯಸ್ಸಿನ ಆ ಮನುಷ್ಯ 1971ರ ಬೇಸಿಗೆಯಲ್ಲಿ ಹಳೆಯ ಹೂಟವನ್ನೆಲ್ಲ ಎತ್ತಿಟ್ಟು, ‘ವಿಶ್‌ಬೋನ್’ ಎಂಬ ಓಟದ ಪದ್ಧತಿಯನ್ನು ಗುಟ್ಟಾಗಿ ಕಲಿಸಿ, ಮೊದಲ ಪಂದ್ಯಕ್ಕೆ ಲಾಸ್ ಏಂಜಲಿಸ್‌ಗೆ ಹೋಗಿ ಅದೇ ಸದರ್ನ್ ಕ್ಯಾಲಿಫೋರ್ನಿಯಾವನ್ನು 17-10ರಿಂದ ಸೋಲಿಸಿದರು. ಆ ಇಡೀ ದಶಕದಲ್ಲಿ ಅವರು ಗೆದ್ದದ್ದು 103, ಸೋತದ್ದು 16. ಸೇಬನ್‌ರದ್ದು 2017ರ ಋತುವಿನ ಅಂತಿಮ ಪಂದ್ಯ: ಅರ್ಧ ಆಟಕ್ಕೆ ಜಾರ್ಜಿಯಾ ಎದುರು ಒಂದಂಕವೂ ಇಲ್ಲದಿದ್ದಾಗ, ಎರಡು ವರ್ಷ ತಂಡ ನಡೆಸಿದ ಜೇಲನ್ ಹರ್ಟ್ಸ್‌ನನ್ನು ಕೂರಿಸಿ, ಮೊದಲ ವರ್ಷದ ಟುವಾ ಟಾಗೊವೈಲೋವಾನನ್ನು ಇಳಿಸಿದರು, 26-23ರಿಂದ ಗೆದ್ದರು. ಮೊದಲನೆಯದು ಒಂದು ಬೇಸಿಗೆಯ ಧೈರ್ಯ, ಎರಡನೆಯದು ಅರ್ಧ ಆಟದ ವಿರಾಮದ್ದು. ನಾನು ಗೆಲುವಿನ ಪ್ರಶ್ನೆಯಲ್ಲಿ ಸೇಬನ್‌ಗೆ ಮತ ಹಾಕಿ, ಉಳಿದೆರಡರಲ್ಲಿ ಬ್ರಯಂಟ್‌ಗೆ ಹಾಕುವುದು ಈ 1971ರ ಬೇಸಿಗೆಯಿಂದಾಗಿಯೇ. ಮುಂದೆ ತಾವೇ ಕೋಚ್‌ಗಳಾಗಿ ಪಟ್ಟ ಗೆದ್ದ ಶಿಷ್ಯರ ಲೆಕ್ಕ ತೆಗೆದರೆ ಸೇಬನ್ ಕಡೆ ಕರ್ಬಿ ಸ್ಮಾರ್ಟ್, ಬ್ರಯಂಟ್ ಕಡೆ ಡ್ಯಾನಿ ಫೋರ್ಡ್ ಮತ್ತು ಸ್ವತಃ ಸ್ಟಾಲಿಂಗ್ಸ್ ನಿಲ್ಲುತ್ತಾರೆ. ಅದು ಹೆಚ್ಚೇನೂ ಬಗೆಹರಿಸುವುದಿಲ್ಲ.

ಇದೇ ಕ್ರಮವನ್ನು ನಮ್ಮೂರಿನ ಕಾಲೇಜೊಂದರ ಖೊಖೊ ತಂಡಕ್ಕೂ ಹಚ್ಚಿ ನೋಡಿದೆವು. ಇಲ್ಲಿ ಕೋಚ್ ಎಂದರೆ ಪಿ.ಡಿ. ಸರ್, ದಾಖಲೆ ಎಂದರೆ ಕಾರಿಡಾರಿನಲ್ಲಿ ಬಣ್ಣದಲ್ಲಿ ಬರೆದ ಬೋರ್ಡು. ಕಾಲದ ನಿಯಮ ಇಲ್ಲೂ ಬದಲಾಗಿದೆ: ದಾವಣಗೆರೆಯ ಕಾಲೇಜುಗಳು ಮೈಸೂರು ವಿಶ್ವವಿದ್ಯಾಲಯದಲ್ಲಿದ್ದಾಗ ಅಂತರ ಕಾಲೇಜು ಪಂದ್ಯಗಳಲ್ಲಿ ಮೈಸೂರು, ಹಾಸನದ ತಂಡಗಳನ್ನೂ ದಾಟಬೇಕಿತ್ತು, 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಬಂತು, 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯ ಬಂದ ಮೇಲೆ ಕಣ ಎರಡೇ ಜಿಲ್ಲೆಗಳಿಗೆ ಇಳಿಯಿತು. ಒಂದೇ ಬೋರ್ಡಿನ ‘ಚಾಂಪಿಯನ್’ ಎಂಬ ಪದ ಮೂರು ಬೇರೆ ಬೇರೆ ಅಳತೆಯದ್ದು. ದಾಖಲೆ ಇಲ್ಲದ ಕಡೆ ಆಟಗಾರರನ್ನೇ ಕೇಳಬೇಕು, ಆದರೆ ಗೆದ್ದ ವರ್ಷವನ್ನಲ್ಲ, ಸೋತ ವರ್ಷವನ್ನು ಕೇಳಬೇಕು. ಸೋತ ಮರುದಿನ ಬೆಳಿಗ್ಗೆ ಮೈದಾನದಲ್ಲಿ ಸರ್ ಏನು ಮಾಡಿಸಿದರು ಎಂಬುದಕ್ಕೆ ಯಾರೂ ಬಣ್ಣ ಕಟ್ಟಿ ಹೇಳುವುದಿಲ್ಲ. ಬೋರ್ಡಿನ ಹಳೆಯ ಸಾಲುಗಳು ಗೋಡೆಗೆ ಬಣ್ಣ ಹೊಡೆಯುವಾಗ ಮುಚ್ಚಿಹೋಗಿವೆ. ಆ ಕಾಲದಲ್ಲಿ ಆಡಿದ ಇಬ್ಬರನ್ನು ಬರುವ ಭಾನುವಾರ ಒಂಬತ್ತಕ್ಕೆ ದೋಸೆಗೆ ಕರೆದಿದ್ದೇವೆ, ಬಿಲ್ಲು ಮೇಷ್ಟ್ರದ್ದು.